ಅಂಗೈಯ ಬಿಸಿ

ಬಸ್ಸಿನಲ್ಲಿ ಅಣ್ಣನ ಪಕ್ಕದಲ್ಲೇ ಕೂತಿದ್ದರೂ, ತಾನು ಅವನ ಜೊತೆಯವನಲ್ಲ ಎನ್ನುವ ಹಾಗೆ ಆಗಿನಿಂದ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದೇನಲ್ಲ ಎಂದು ಅವನಿಗೆ ಹೊಳೆದದ್ದು ಸೇತುವೆ ದಾಟಿದ ಮೇಲೆ. ಹೊಳೆದ ಮೇಲೂ ಅವನು ಮುಖ ತಿರುಗಿಸಲಿಲ್ಲ. ಕಿಟಕಿಯಾಚೆ ನೋಡುವಂಥದ್ದೇನೂ ಇರಲಿಲ್ಲ. ಬಾಗಿಲೆಳೆದ ಅಂಗಡಿಗಳು, ಒದ್ದೆ ರಸ್ತೆ, ಮಡಚಲು ಬಾರದ ಛತ್ರಿಯೊಂದಿಗೆ ಜಗಳವಾಡುತ್ತಿದ್ದ ಒಬ್ಬ ಹೆಂಗಸು. ಅಣ್ಣ ಮುಂದಿನ ಸೀಟಿನ ಕಬ್ಬಿಣದ ಸರಳಿಗೆ ಎರಡೂ ಅಂಗೈ ಒತ್ತಿ, ಅದರ ತಣುಪಿನ ರುಚಿ ನೋಡುವವನಂತೆ ಕಣ್ಣು ಅರೆ ಮುಚ್ಚಿಕೊಂಡಿದ್ದ. ಎಡಗೈ ತೋರುಬೆರಳಿಗೆ ತುದಿಯಿಲ್ಲ. ಮುಂದಿನ ಸೀಟಿನ ಹುಡುಗಿ ಹಿಂದೆ ತಿರುಗಿದವಳು ಆ ಬೆರಳನ್ನು ಕಂಡು ಜಡೆಯನ್ನು ಮುಂದಕ್ಕೆಳೆದುಕೊಂಡು ಸರಿದು ಕೂತಳು. ಅವಳು ಸರಿದದ್ದು ಅಣ್ಣನಿಗೆ ತಿಳಿಯಲಿಲ್ಲ, ಇವನಿಗೆ ತಿಳಿಯಿತು. ಇಂಥವೆಲ್ಲ ತಿಳಿಯುವುದು ಯಾವಾಗಲೂ ಇವನಿಗೇ.

"ಮರಿ, ನಾವು ಎಲ್ಲಿಗೆ ಹೋಗ್ತಿರೋದು?"

"ನನ್ನ ಆಫೀಸಿಗೆ. ಆಗಲೇ ಹೇಳಿದ್ನಲ್ಲ."

"ಹೌದಲ್ವಾ. ನೀನು ಹೇಳ್ದೆ, ನಾನೇ ಮರೆತೆ." ತಪ್ಪು ಒಪ್ಪಿಕೊಳ್ಳುವುದರಲ್ಲಿ ಅಣ್ಣ ಮೊದಲಿನಿಂದಲೂ ಧಾರಾಳಿ. ತನ್ನದಲ್ಲದ್ದನ್ನೂ ಒಪ್ಪಿಕೊಂಡುಬಿಡುತ್ತಿದ್ದ. ಚಿಕ್ಕಂದಿನಲ್ಲಿ ಇವನು ಒಡೆದ ಗಡಿಗೆಗೆಲ್ಲ ಅಮ್ಮನ ಕೈಯಲ್ಲಿ ಬೈಸಿಕೊಂಡವನು ಅಣ್ಣನೇ. ಆ ಧಾರಾಳತನವೇ ಈಗ ಇವನ ಮೈಗೆ ಚುಚ್ಚುತ್ತದೆ. ಒಂದು ಸಲವಾದರೂ ಅಣ್ಣ ಜಗಳಕ್ಕೆ ಬಂದಿದ್ದರೆ, ಒಂದು ಸಲ ಇವನ ಮುಖಕ್ಕೆ ಉಗಿದಿದ್ದರೆ, ಇವತ್ತಿನ ಸಂಜೆ ಎಷ್ಟೋ ಹಗುರಾಗುತ್ತಿತ್ತು.

ಸಂಜೆಯೊಳಗೆ ಅವನು ಹೆಂಡತಿಗೆ ಒಂದು ಮಾತು ಹೇಳಬೇಕಿತ್ತು. ಊರಾಚೆಯ ವೃದ್ಧರ ಮನೆಯಲ್ಲಿ ಒಂದು ಕೋಣೆ ಖಾಲಿಯಾಗಿದೆ, ಅಣ್ಣನನ್ನು ಅಲ್ಲಿಗೆ ಕಳಿಸುವುದೋ ಬೇಡವೋ. ಹೆಂಡತಿಯದೇನೂ ತಪ್ಪಿರಲಿಲ್ಲ, ತೊಂದರೆಯಿದ್ದದ್ದು ಅಲ್ಲೇ. ಅವಳು ಕೆಟ್ಟವಳಾಗಿದ್ದರೆ ಅವಳ ತಲೆಯ ಮೇಲೆ ಗೂಬೆ ಕೂರಿಸಿ ಇವನು ಒಳ್ಳೆಯವನಾಗಿ ಉಳಿಯಬಹುದಿತ್ತು. ಎರಡು ವರ್ಷದಿಂದ ಅಣ್ಣನಿಗೆ ಸ್ನಾನ ಮಾಡಿಸಿ ಬಟ್ಟೆ ಹಾಕಿದವಳು ಅವಳು. ಹೋದ ವಾರ ಅಣ್ಣ ಒಲೆಯ ಉರಿಯ ಮೇಲೆ ಅಂಗೈಯಿಟ್ಟು ನಿಂತಿದ್ದಾಗ, ಸುಟ್ಟ ವಾಸನೆ ಬಂದು ಓಡಿದವಳೂ ಅವಳೇ. ಮಂಜುಗಡ್ಡೆಯ ಕಾರ್ಖಾನೆಯಲ್ಲಿ ಒಂದು ಆಯುಷ್ಯ ಕಳೆದ ಆ ಅಂಗೈಗಳಿಗೆ ಶಾಖವೂ ಗೊತ್ತಾಗುವುದಿಲ್ಲ, ನೋವೂ ಗೊತ್ತಾಗುವುದಿಲ್ಲ. ಕೈ ಎಳೆಯಲು ಹೋಗಿ ಅವಳ ಮೊಣಕೈಯೇ ಸುಟ್ಟಿತು. "ನಂಗೂ ಇರೋದು ಎರಡೇ ಕೈ," ಎಂದಳು ಇವತ್ತು ಬೆಳಿಗ್ಗೆ, ತನ್ನ ಮೊಣಕೈಯ ಬ್ಯಾಂಡೇಜು ಬಿಚ್ಚುತ್ತ. "ನಾನು ಹೋಗಿ ಆ ಕೋಣೆ ನೋಡ್ಕೊಂಡು ಬರ್ತೀನಿ. ಇವತ್ತೊಂದಿನ ಇವರನ್ನ ನೀವೇ ಕರ್ಕೊಂಡು ಹೋಗಿ. ಸಂಜೆ ಫೋನ್ ಮಾಡ್ತೀನಿ. ಹೌದು ಅಂತಾದ್ರೂ ಹೇಳಿ, ಇಲ್ಲ ಅಂತಾದ್ರೂ ಹೇಳಿ. ಹೇಳ್ಬೇಕಾದೋರು ನೀವು. ನಿಮ್ಮಣ್ಣ."

"ಹೂಂ."

"ಈ ಹೂಂ ಹೌದಾ, ಇಲ್ವಾ?"

"ಹೂಂ, ಸಂಜೆ ಹೇಳ್ತೀನಿ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಈ ಹೂಂ ಎನ್ನುವುದನ್ನು ಅವನು ಎಷ್ಟು ವರ್ಷದಿಂದ ಬಾಯಲ್ಲಿಟ್ಟುಕೊಂಡು ಬದುಕಿದ್ದಾನೋ. ಯಾರಿಗೂ ನೋವು ಮಾಡದ, ಯಾರಿಗೂ ಏನನ್ನೂ ಕೊಡದ ಒಂದು ಸದ್ದು.

ಬೆಳಿಗ್ಗೆಯ ಹೊತ್ತು ಅಣ್ಣ ಪೂರ್ತಿ ಅಣ್ಣನೇ. ಸ್ವಲ್ಪ ಮರೆವು, ಅಷ್ಟೆ. ಮಧ್ಯಾಹ್ನದವರೆಗೂ ಪರವಾಗಿಲ್ಲ. ಬೆಳಕು ಇಳಿಯುತ್ತ ಬಂದ ಹಾಗೆ ಅವನೂ ಇಳಿಯುತ್ತಾನೆ. ದೀಪ ಹಾಕುವ ಹೊತ್ತಿಗೆ ಮನೆಯಲ್ಲಿರುವವರೆಲ್ಲ ಯಾರೋ ದೊಡ್ಡ ಮನುಷ್ಯರಾಗಿ, ಅಣ್ಣ ಅವರ ಬಾಗಿಲಿಗೆ ಬಂದವನಾಗಿಬಿಡುತ್ತಾನೆ. ಇವನಿಗೆ 'ಸ್ವಾಮಿ', ಇವನ ಹೆಂಡತಿಗೆ 'ಅಮ್ಮಾವ್ರೆ'. "ನನ್ನ ತಮ್ಮ ಬರ್ತಾನೆ, ಬಂದ ತಕ್ಷಣ ಹೊರಟುಬಿಡ್ತೀನಿ" ಎಂದು ಬಾಗಿಲ ಬಳಿಯ ಸ್ಟೂಲಿನ ತುದಿಯಲ್ಲಿ, ಜಾಗ ಸವೆಯಬಾರದೆಂಬಂತೆ ಕೂರುತ್ತಾನೆ. ಮೊದಲ ಸಲ ಹಾಗಾದಾಗ ಇವನು ನಕ್ಕು, "ನಾನೇ ಕಣೋ ನಿನ್ನ ತಮ್ಮ" ಎಂದಿದ್ದ. ಅಣ್ಣ ಇವನನ್ನು ಮರ್ಯಾದೆಯಿಂದ ಮೇಲೆ ಕೆಳಗೆ ನೋಡಿ, "ಇಲ್ಲ ಸ್ವಾಮಿ, ಅವನು ಇಷ್ಟೇ ಇದಾನೆ" ಎಂದು ತನ್ನ ಸೊಂಟದ ಎತ್ತರಕ್ಕೆ ಕೈ ತೋರಿಸಿದ್ದ. ಆಮೇಲೆ ಇವನು ಅದನ್ನು ಹೇಳುವುದನ್ನೇ ಬಿಟ್ಟ.

ಇವನು ಕೆಲಸ ಮಾಡುವ ಮತ್ಸ್ಯಾಲಯದ ಗೇಟಿನಲ್ಲಿ ಕಾವಲುಗಾರ ಎದ್ದು ನಿಂತ. ಅವನ ಪೊದೆ ಮೀಸೆಗಾಗಿ ಎಲ್ಲರೂ ಅವನನ್ನು ಮೀಸೆ ಎಂದೇ ಕರೆಯುತ್ತಿದ್ದರು, ಅವನೂ ಓಗೊಡುತ್ತಿದ್ದ. ಇವನಿಗೂ ಒಂದು ಅಡ್ಡಹೆಸರಿತ್ತು, ಫ್ರಿಡ್ಜು. ಶೀತಕೋಣೆಯ ಉಸ್ತುವಾರಿ ನೋಡುವವನಾದ್ದರಿಂದ ಬಂದ ಹೆಸರೆಂದು ಮೊದಲು ತಿಳಿದಿದ್ದ. ಅಮ್ಮ ಸತ್ತ ಮಾರನೆಯ ದಿನವೇ ಕೆಲಸಕ್ಕೆ ಬಂದು ಮೀನಿಗೆ ಮೇವು ಹಾಕಿದ್ದನ್ನು ಕಂಡು ಯಾರೋ ಇಟ್ಟದ್ದೆಂದು ಆಮೇಲೆ ಗೊತ್ತಾಯಿತು. ಮೀಸೆ ಅಣ್ಣನನ್ನೂ ಇವನನ್ನೂ ಒಟ್ಟಿಗೆ ನೋಡಿದ. ಹಿಂಬದಿಯ ಕೋಣೆಗಳಿಗೆ ಹೊರಗಿನವರನ್ನು ಬಿಡಬಾರದೆಂದು ನಿರ್ದೇಶಕರ ಕಟ್ಟಪ್ಪಣೆ. ಹೋದ ವರ್ಷ ನೆಲ ಒರೆಸುವವಳೊಬ್ಬಳು ಜ್ವರ ಬಂದ ಮಗುವನ್ನು ಕರೆತಂದು ಒಳಗೆ ಮಲಗಿಸಿದ್ದಕ್ಕೆ ಕೆಲಸ ಕಳೆದುಕೊಂಡಿದ್ದಳು. "ಒಂದಿನದ ಮಟ್ಟಿಗೆ," ಎಂದ ಇವನು, ಯಾರನ್ನೂ ನೋಡದೆ. ಮೀಸೆ, "ನಾನು ನೋಡೇ ಇಲ್ಲ ಬಿಡಿ ಸಾರ್" ಎಂದು ಗೇಟು ತೆಗೆದ. ಒಳ್ಳೆಯ ಮಾತೇ. ಆದರೂ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಇವನು ಅಂಗಿಯ ಕಾಲರನ್ನು ಸರಿಮಾಡಿಕೊಂಡ.

ಶೀತಕೋಣೆಗೆ ಮುಂಚೆ ಒಂದು ಸಣ್ಣ ಕೋಣೆಯಿದೆ. ದಪ್ಪ ಜಾಕೆಟ್ಟುಗಳನ್ನು ನೇತುಹಾಕುವುದು, ಬೂಟು ಬದಲಾಯಿಸುವುದು ಅಲ್ಲಿ. ಅಲ್ಲಿಂದ ಒಳಕ್ಕೆ ಹೋಗುವ ಬಾಗಿಲಿಗೆ ಮುಖದಗಲದ ಗಾಜಿನ ಕಿಂಡಿ. ಅಣ್ಣನಿಗೆ ತನ್ನ ಹಳೆಯ ಜಾಕೆಟ್ಟು ತೊಡಿಸಿ, ಕುರ್ಚಿಯಲ್ಲಿ ಕೂರಿಸಿ, ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟು ಅವನು ಒಳಗೆ ಹೋದ. ಒಳಗೆ ದೊಡ್ಡ ತೊಟ್ಟಿ. ಅದರ ಎದುರಿನ ಗೋಡೆ ಪೂರ್ತಿ ಗಾಜು, ಗಾಜಿನಾಚೆ ಪ್ರೇಕ್ಷಕರ ಕತ್ತಲೆ ಹಜಾರ. ತೊಟ್ಟಿಯ ಮೇಲೆ ಗೇಣು ದಪ್ಪ ಹಿಮದ ಚಾವಣಿ. ಉಪ್ಪುನೀರು ಇನ್ನೇನು ಗಟ್ಟಿಯಾಗಬೇಕು, ಆಗುವುದಿಲ್ಲ, ಅಷ್ಟು ತಣ್ಣಗೆ. ಧ್ರುವದ ಕಡಲಿನಲ್ಲಿ ಹಿಮದ ಹೊದಿಕೆಗೆ ಬೆನ್ನು ತಾಗಿಸಿಕೊಂಡೇ ಹುಟ್ಟಿ, ಅಲ್ಲೇ ಬೆಳೆದು, ಅಲ್ಲೇ ಸಾಯುವ ಮೀನುಗಳು ಅಲ್ಲಿದ್ದವು. ಹಡಗಿನಲ್ಲಿ ಬಂದಾಗ ಒಂದು ಹಿಂಡಿತ್ತು, ಈಗ ನಾಲ್ಕು ಉಳಿದಿದ್ದವು. ನೋಡಲು ಏನೂ ಚಂದವಿಲ್ಲ. ಮಾಸಿದ ಬೂದು ಮೈ, ಮಸಿ ಚೆಲ್ಲಿದಂಥ ಕಲೆ, ಮೈಗಿಂತ ದೊಡ್ಡದೆನ್ನಿಸುವ ತಲೆ. ದುಡ್ಡು ಕೊಟ್ಟು ಬಂದವರು ಗಾಜು ತಟ್ಟಿ, 'ಇದು ಅಲ್ಲಾಡೋದೇ ಇಲ್ವಲ್ಲ' ಎಂದು ಬಣ್ಣದ ಮೀನುಗಳ ಕಡೆ ಹೋಗಿಬಿಡುತ್ತಿದ್ದರು. ಇವನಿಗೆ ಮಾತ್ರ ಇಡೀ ಕಟ್ಟಡದಲ್ಲಿ ಎದುರು ನಿಂತು ಉಸಿರಾಡಬಹುದಾದ ಜೀವಗಳೆಂದರೆ ಇವೇ. ಅವು ಏನನ್ನೂ ಕೇಳುವುದಿಲ್ಲ. ದಿನಾ ಬೆಳಿಗ್ಗೆ ಹಿಮದಲ್ಲಿ ಒಂದು ಕಿಂಡಿ ಕೊರೆದು ಚಿಮುಟದಲ್ಲಿ ಮೇವು ಹಿಡಿದರೆ ಮೆಲ್ಲಗೆ ಮೇಲೆ ಬಂದು ಕಚ್ಚಿಕೊಳ್ಳುತ್ತವೆ. ಮೇವು ಹಾಕಿಯಾದ ಮೇಲೆ ಕಿಂಡಿಯ ಮೇಲೆ ಹಲಗೆ ಮುಚ್ಚುವುದು ರೂಢಿ. ಇವತ್ತು ಶೀತಕೋಣೆಯ ಖರ್ಚು ಹೊರುವ ಸಂಸ್ಥೆಯ ಅತಿಥಿಗಳು ಬರುವವರಿದ್ದರು. ಅವರೆದುರಿಗೆ ಮೇವು ಹಾಕಿ ತೋರಿಸಬೇಕೆಂದು ನಿರ್ದೇಶಕರು ಹೇಳಿದ್ದರಿಂದ ಅವನು ಕಿಂಡಿ ಕೊರೆದು, ಮೇವು ಹಾಕದೆ, ಹಲಗೆ ಮುಚ್ಚದೆ ಬಿಟ್ಟ.

ಹೊರಗೆ ಬಂದರೆ ಅಣ್ಣ ಬಾಗಿಲಿನ ಗಾಜಿಗೆ ಹಣೆ ಒತ್ತಿ ನಿಂತಿದ್ದ.

"ಮರಿ, ಐಸಲ್ಲಿ ಮೀನಿದೆ."

"ಹೂಂ. ಅಲ್ಲೇ ಇರೋದು ಅವು."

"ಸತ್ತಿರೋವಾ?"

"ಬದುಕಿವೆ ನೋಡು, ಅಲ್ಲಾಡ್ತಿವೆ."

ಅಣ್ಣ ಬಹಳ ಹೊತ್ತು ನೋಡಿದ. ಅವನ ಮುಖದ ಮೇಲೆ ಏನೋ ಕಲಕಿತು. ಅವನ ಲೆಕ್ಕದಲ್ಲಿ ಐಸಿನಲ್ಲಿ ಇರುವುದು ಸತ್ತ ಮೀನು. ಬಂದರಿನ ಪಕ್ಕದ ಕಾರ್ಖಾನೆಯಲ್ಲಿ ಬೆಳಗಿನ ಜಾವದಿಂದ ಗಡ್ಡೆ ಒಡೆದು, ಬುಟ್ಟಿ ಬುಟ್ಟಿ ಮೀನಿನ ಮೇಲೆ ಸುರಿದು, ಮತ್ತೆ ಮೀನು, ಮತ್ತೆ ಐಸು, ಹಾಗೆ ಪೆಟ್ಟಿಗೆ ತುಂಬಿಸಿ ಕಳಿಸಿದವನು ಅವನು. ಯಾವುದಾದರೂ ಪೆಟ್ಟಿಗೆಯಲ್ಲಿ ಇನ್ನೂ ಬಾಯಿ ಬಿಡುತ್ತಿದ್ದ ಮೀನು ಸಿಕ್ಕರೆ ಅದನ್ನು ಎತ್ತಿ ದೋಣಿ ನಿಲ್ಲುವ ದಕ್ಕೆಯ ತುದಿಗೆ ಓಡಿ ನೀರಿಗೆ ಬಿಟ್ಟುಬರುತ್ತಿದ್ದನೆಂದು, ಅದಕ್ಕಾಗಿ ಮೇಸ್ತ್ರಿ ಅವನನ್ನು 'ಧರ್ಮರಾಯ' ಎಂದು ಗೇಲಿ ಮಾಡುತ್ತಿದ್ದನೆಂದು ಅಮ್ಮ ಹೇಳುತ್ತಿದ್ದಳು. "ಪಾಪ ಮರಿ," ಎಂದ ಅಣ್ಣ. "ಯಾರೋ ಜೀವ ಇರೋದನ್ನೇ ಐಸಿಗೆ ಹಾಕ್ಬಿಟ್ಟಿದಾರೆ. ನೋಡ್ಕೊಂಡಿಲ್ಲ."

ಇಲ್ಲ, ಅವು ಅಲ್ಲಿಯವೇ, ಅವಕ್ಕೆ ಅದೇ ಹಿತ, ನಮ್ಮ ಬಿಸಿಯೇ ಅವಕ್ಕೆ ಸಾವು ಎಂದು ಹೇಳಲು ಎಷ್ಟು ಹೊತ್ತು ಬೇಕಿತ್ತು. ಹಜಾರದಲ್ಲಿ ನಿರ್ದೇಶಕರ ಧ್ವನಿ ಕೇಳಿಸುತ್ತಿತ್ತು. "ಹೂಂ ಹೂಂ," ಎಂದ ಅವನು, ಬೂಟು ಕಳಚುತ್ತ. "ನೀನು ಇಲ್ಲೇ ಕೂತಿರು. ಎಲ್ಲಿಗೂ ಹೋಗ್ಬೇಡ. ನಾನು ಬರ್ತೀನಿ."

"ಇಲ್ಲೇ ಕೂತಿರ್ತೀನಿ."

ಹಜಾರದಲ್ಲಿ ಅತಿಥಿಗಳು ಗಾಜಿನ ನೀಲಿ ಬೆಳಕಿನಲ್ಲಿ ಅರ್ಧ ವೃತ್ತವಾಗಿ ನಿಂತಿದ್ದರು. ನಿರ್ದೇಶಕರು ಕನ್ನಡಕದ ಮೇಲಿಂದ ಇವನನ್ನು ನೋಡಿ, 'ಶುರುಮಾಡಿ' ಎಂಬಂತೆ ಗದ್ದ ಎತ್ತಿದರು. ಈ ಮಾತನ್ನು ಅವನು ಎಷ್ಟೋ ಸಲ ಹೇಳಿದ್ದ, ನಾಲಗೆ ತಾನಾಗಿ ಹೊರಳುತ್ತಿತ್ತು. ಬೇರೆ ಮೀನನ್ನು ಈ ನೀರಿಗೆ ಬಿಟ್ಟರೆ ಹಿಮದ ಒಂದು ಹರಳು ತಾಗಿದರೂ ಸಾಕು, ಅದರ ರಕ್ತ ಹೆಪ್ಪುಗಟ್ಟಿ ಮೀನು ಕಲ್ಲಾಗುತ್ತದೆ. ಇದರ ರಕ್ತದಲ್ಲಿ ಮಾತ್ರ ಒಂದು ವಸ್ತುವಿದೆ. ಒಳಹೊಕ್ಕ ಹರಳನ್ನು ಅದು ಸುತ್ತುವರಿದು ಹಿಡಿದುಕೊಳ್ಳುತ್ತದೆ, ಬೆಳೆಯಲು ಬಿಡುವುದಿಲ್ಲ. ಕೇಳುತ್ತ ಕೇಳುತ್ತ ಶಾಲು ಹೊದ್ದ ಒಬ್ಬ ಹಿರಿಯ ಹೆಂಗಸು ಕೇಳಿದಳು, "ಆಮೇಲೆ ಆ ಹರಳು ಕರಗಿ ಹೋಗುತ್ತಾ?"

"ಇಲ್ಲ. ಬೆಳೆಯೋದೂ ಇಲ್ಲ, ಸುಲಭಕ್ಕೆ ಕರಗೋದೂ ಇಲ್ಲ. ಒಳಗೇ ಹೊತ್ಕೊಂಡು ಓಡಾಡ್ತಿರುತ್ತೆ."

"ಅಯ್ಯೋ. ನೋವಾಗಲ್ವಾ ಅದಕ್ಕೆ?"

"ಅದನ್ನ ಮೀನನ್ನೇ ಕೇಳ್ಬೇಕು."

ಎಲ್ಲರೂ ನಕ್ಕರು. ನಿರ್ದೇಶಕರೂ ನಕ್ಕರು. ಅವರು ತನ್ನ ಮಾತಿಗೆ ನಕ್ಕದ್ದು ಇದೇ ಮೊದಲೆಂದು ಅವನು ಗಮನಿಸಿದ. ಎಂಥದೋ ಹಗುರ ಮೈಯಲ್ಲಿ ಹರಿದಾಡಿ, ಇನ್ನೊಂದು ತಮಾಷೆಯ ಮಾತಿಗಾಗಿ ತಲೆ ತಡಕಾಡುತ್ತಿದ್ದಾಗ ಗಾಜಿನಾಚೆ ಹಿಮದ ಕಿಂಡಿಯಿಂದ ಒಂದು ಕೈ ನೀರಿಗಿಳಿಯಿತು. ಮೊಣಕೈವರೆಗೂ ಇಳಿದು, ಅಂಗೈ ಬಿಚ್ಚಿ, ಸುಮ್ಮನೆ ಕಾಯುತ್ತ ನಿಂತಿತು. ಹಸಿದಿದ್ದ ಮೀನುಗಳು ಮೇವಿನ ಕೈಯೆಂದು ತಿಳಿದು ಬಳಿಗೆ ಬಂದವು. ಎಲ್ಲಕ್ಕಿಂತ ದೊಡ್ಡದು ಅಂಗೈಯ ಮೇಲೆಯೇ ಬಂದು ಕೂತಿತು. ಬೆರಳುಗಳು ಮೆತ್ತಗೆ ಮುಚ್ಚಿಕೊಂಡವು, ನಿದ್ದೆ ಹೋದ ಮಗುವನ್ನು ಎತ್ತಿಕೊಳ್ಳುವ ಹಾಗೆ. ಅತಿಥಿಗಳು ಚಪ್ಪಾಳೆ ತಟ್ಟಿದರು. ಒಂದು ಕ್ಷಣ ಇವನೂ ಯಾರದೋ ಕೈಚಳಕ ನೋಡಿದವನಂತೆ ಮೆಚ್ಚಿ ನಿಂತಿದ್ದ. ಆಮೇಲೆ ತೋರುಬೆರಳು ಕಾಣಿಸಿತು, ತುದಿಯಿಲ್ಲದ್ದು.

ಅವನು ಓಡಿದ. ಪಕ್ಕದ ಬಾಗಿಲು, ಓಣಿ, ಸಣ್ಣ ಕೋಣೆ. ಕುರ್ಚಿಯ ಮೇಲೆ ಜಾಕೆಟ್ಟು ನೀಟಾಗಿ ಮಡಚಿಟ್ಟಿತ್ತು. ರೂಢಿಯಂತೆ ಗೂಟದಿಂದ ಕೈಗವಸು ಎಳೆದು ತೊಟ್ಟುಕೊಂಡ. ಶೀತಕೋಣೆಯೊಳಗೆ ಅಣ್ಣ ಬರಿಯ ಅಂಗಿಯಲ್ಲಿ, ತೋಳಿನಿಂದ ನೀರು ಸುರಿಸಿಕೊಂಡು ನಿಂತಿದ್ದ. ಎರಡೂ ಅಂಗೈಗಳ ನಡುವೆ ಮೀನು. ಅದನ್ನು ಬಾಯಿಯ ಹತ್ತಿರ ಹಿಡಿದು ಉಫ್ ಉಫ್ ಎಂದು ಬಿಸಿ ಉಸಿರು ಊದುತ್ತಿದ್ದ. "ಉರೀತಿದೆಯಾ? ಉರೀಲಿ. ಉರಿದ್ರೆ ಜೀವ ಬರ್ತಿದೆ ಅಂತ."

ಈ ಮಾತು ಇವನಿಗೆ ಗೊತ್ತಿತ್ತು. ಅಪ್ಪ ಇರಲಿಲ್ಲ, ಅಮ್ಮ ಕೂಲಿಗೆ ಹೋಗುತ್ತಿದ್ದಳು. ಶಾಲೆಗೆ ರಜೆಯಿದ್ದರೆ ಅಣ್ಣ ಇವನನ್ನು ಕಾರ್ಖಾನೆಗೆ ಕರೆದುಕೊಂಡು ಹೋಗುತ್ತಿದ್ದ. ಹೊಟ್ಟಿನ ರಾಶಿಯ ಮೇಲೆ ಕೂರಿಸಿದರೆ ಇವನು ಸುಮ್ಮನಿರದೆ ಗಡ್ಡೆಗಳನ್ನು ತಬ್ಬಿ, ನೆಕ್ಕಿ, ಬೆರಳು ನೀಲಿಯಾಗಿ ಅಳತೊಡಗಿದರೆ, ಅಣ್ಣ ಕೆಲಸ ಬಿಟ್ಟು ಬಂದು ಎರಡೂ ಪುಟ್ಟ ಕೈಗಳನ್ನು ತನ್ನ ಅಂಗೈಗಳ ನಡುವೆ ಇಟ್ಟು ತಿಕ್ಕುತ್ತಿದ್ದ. ತಿಕ್ಕಿದಷ್ಟೂ ಉರಿ. ಇವನು ಇನ್ನೂ ಜೋರಾಗಿ ಅಳುತ್ತಿದ್ದ. 'ಉರೀತಿದೆಯಾ ಮರಿ? ಉರಿದ್ರೆ ಒಳ್ಳೇದು. ಜೀವ ಬರ್ತಿದೆ ಅಂತ.' ಆಗ ಅಣ್ಣನ ಬೆರಳುಗಳೆಲ್ಲ ಪೂರ್ತಿಯಿದ್ದವು.

"ನೋಡು ಮರಿ," ಎಂದ ಅಣ್ಣ ಇವನನ್ನು ಕಂಡು, ಮುಖವೆಲ್ಲ ಅರಳಿಸಿ. "ಒದ್ದಾಡ್ತಿದೆ ನೋಡು. ಜೀವ ಬಂತು."

ಒದ್ದಾಡುತ್ತಿತ್ತು ನಿಜ. ಆ ಮೀನಿಗೆ ನಮ್ಮ ಅಂಗೈಯೆಂದರೆ ಕಾದ ಹೆಂಚು. ಇವನ ಹಿಂದೆ ಬಾಗಿಲು ತೆರೆದುಕೊಂಡಿತು. ನಿರ್ದೇಶಕರು, ಅವರ ಹಿಂದೆ ಶಾಲಿನ ಹೆಂಗಸು, ಅವಳ ಹಿಂದೆ ಸದ್ದು ಕೇಳಿ ಓಡಿಬಂದ ಮೀಸೆ.

"ಯಾರ್ರೀ ಇವನು?"

ಉತ್ತರ ಯೋಚಿಸಿ ಬಂದದ್ದಲ್ಲ. ಯೋಚಿಸಿ ಬಂದಿದ್ದರೆ ಕ್ಷಮಿಸಿಕೊಳ್ಳಬಹುದಿತ್ತೇನೋ ಎಂದು ಅವನಿಗೆ ಆಮೇಲೆ ಅನ್ನಿಸಿತು. ಹಾದಿಯಲ್ಲಿ ಎದುರಿಗೆ ಬಂದವರಿಗೆ ಪಕ್ಕಕ್ಕೆ ಸರಿದು ದಾರಿ ಬಿಡುವಷ್ಟು ಸಲೀಸಾಗಿ ಅದು ಬಾಯಿಂದ ಬಂತು. "ಗೊತ್ತಿಲ್ಲ ಸಾರ್. ಯಾರೋ ಹೊರಗಿನವರು. ಬಾಗಿಲು ತೆಗೆದಿತ್ತೇನೋ."

ಅಣ್ಣ ಇವನನ್ನು ನೋಡಿದ. ಇನ್ನೂ ಮಧ್ಯಾಹ್ನವಾಗಿರಲಿಲ್ಲ, ಅಣ್ಣ ಇನ್ನೂ ಪೂರ್ತಿ ಅಣ್ಣನೇ ಆಗಿದ್ದ. ಸಿಟ್ಟಿರಲಿಲ್ಲ, ಆಶ್ಚರ್ಯವೂ ಇರಲಿಲ್ಲ. ಒಡೆದ ಗಡಿಗೆಯ ಚೂರುಗಳ ನಡುವೆ ನಿಂತ ಸಣ್ಣ ಹುಡುಗನನ್ನು, ಅಮ್ಮ ಒಳಗೆ ಬರುವ ಮುಂಚೆ, ನೋಡುತ್ತಿದ್ದ ಅದೇ ನೋಟ. ಆಮೇಲೆ ಅವನು ನಿರ್ದೇಶಕರ ಕಡೆ ತಿರುಗಿ, ಬೆನ್ನು ಬಗ್ಗಿಸಿ, "ತಪ್ಪಾಯ್ತು ಸ್ವಾಮಿ," ಎಂದ. "ಬಾಗಿಲು ತೆಗೆದಿತ್ತು, ಬಂದೆ. ಈ ಸಾಹೇಬ್ರು ನಂಗೆ ಗೊತ್ತಿಲ್ಲ."

ಇವರು ಗೊತ್ತಾ ಎಂದು ಅವನನ್ನು ಯಾರೂ ಕೇಳಿರಲಿಲ್ಲ.

"ಕರ್ಕೊಂಡು ಹೋಗು," ಎಂದರು ನಿರ್ದೇಶಕರು, ಮೀಸೆಗೆ. ಅಣ್ಣ ಎರಡು ಹೆಜ್ಜೆ ಬಂದು, ಮೀನನ್ನು ಎರಡೂ ಕೈಯಲ್ಲಿ ಇವನ ಮುಂದೆ ಹಿಡಿದ. "ತಗೊಳ್ಳಿ ಸ್ವಾಮಿ, ಬದುಕಿದೆ." ಕೈಗವಸು ತೊಟ್ಟ ಕೈಗಳಲ್ಲಿ ಇವನು ಅದನ್ನು ಇಸಿದುಕೊಂಡ. ಮೀಸೆ ಇವನ ಮುಖ ನೋಡಲಿಲ್ಲ. ಅಣ್ಣನ ಒದ್ದೆ ತೋಳನ್ನು ಹಿಡಿದು, "ಬನ್ನಿ ಯಜಮಾನ್ರೆ, ಮೆಟ್ಟಿಲಿದೆ, ನೋಡ್ಕೊಂಡು" ಎನ್ನುತ್ತ ಕರೆದುಕೊಂಡು ಹೋದ.

ನೀರಿಗೆ ಬಿಟ್ಟ ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತ ಹಿಮದ ಚಾವಣಿಗೆ ತಾಗಿ ನಿಂತಿತು. ಊಟದ ಹೊತ್ತಿಗೆ ಕಿವಿರು ನಿಂತುಹೋಯಿತು. ನಿರ್ದೇಶಕರು ಅದಕ್ಕಾಗಿ ಬೇಸರಪಟ್ಟರು, ಆದರೆ ಇವನನ್ನು ಬೈಯಲಿಲ್ಲ. ಅತಿಥಿಗಳ ಎದುರಿಗೆ ಬೆನ್ನು ತಟ್ಟಿ, "ಇವರು ತಕ್ಷಣ ಓಡಿದ್ದಕ್ಕೆ ಉಳಿದವಾದ್ರೂ ಬದುಕಿದವು" ಎಂದರು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರೆ. ಆ ಸಾವಿರ ವರ್ಷವನ್ನು ಏನು ಮಾಡಿಕೊಳ್ಳಬೇಕೆಂದು ಯಾರೂ ಹೇಳುವುದಿಲ್ಲ. ಶಾಲಿನ ಹೆಂಗಸು ಹೊರಡುವಾಗ ಇವನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಆ ಮುದುಕರು ಪಾಪ, ಅದನ್ನ ಉಳಿಸೋಕೆ ನೋಡ್ತಿದ್ರು ಅಲ್ವಾ?" ಎಂದಳು. ಇವನು ಹೂಂ ಎಂದ.

ಗೇಟಿಗೆ ಹೋಗಬೇಕೆಂದು ಅವನು ಎದ್ದ. ನಿರ್ದೇಶಕರು ಕಿಟಕಿಯ ಬಳಿ ಊಟಕ್ಕೆ ಕೂತಿದ್ದರು, ಅಲ್ಲಿಂದ ಗೇಟು ಕಾಣುತ್ತದೆ. ಅವರ ಊಟವಾಗಲಿ ಎಂದುಕೊಂಡ. ಊಟವಾದ ಮೇಲೆ ಸತ್ತ ಮೀನನ್ನು ದ್ರಾವಣದ ಜಾಡಿಯಲ್ಲಿ ಹಾಕಿಡುವ ಕೆಲಸವಿತ್ತು. ಅದಾದ ಮೇಲೆ ತೊಟ್ಟಿಯ ಗಾಜು ಒರೆಸಿದ, ಯಾರೂ ಹೇಳದೆಯೇ. ಉಳಿದ ಮೂರು ಮೀನುಗಳು ಮೂಲೆಯಲ್ಲಿ ಗುಂಪಾಗಿದ್ದವು, ಚಿಮುಟ ಹಿಡಿದರೂ ಹತ್ತಿರ ಬರಲಿಲ್ಲ. ಕಿಂಡಿಯ ಮೇಲೆ ಹಲಗೆ ಮುಚ್ಚಿದ. ಕುರ್ಚಿಯ ಮೇಲೆ ಅಣ್ಣ ಮಡಚಿಟ್ಟ ಜಾಕೆಟ್ಟು ಹಾಗೇ ಇತ್ತು. ಒದ್ದೆಯಾಗಬಾರದೆಂದು ಕಳಚಿಟ್ಟಿದ್ದಾನೆ, ತಮ್ಮನ ಜಾಕೆಟ್ಟು. ಅದನ್ನು ಮುಟ್ಟಲು ಅವನಿಗೆ ಧೈರ್ಯ ಬರಲಿಲ್ಲ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಮೀಸೆ ಬಾಗಿಲಲ್ಲಿ ಬಂದು ನಿಂತ. "ಸಾರ್, ಆ ಹಿರಿಯರು ಗೇಟಿನ ಹತ್ರ ಬೆಂಚ್ ಮೇಲೆ ಇದಾರೆ. ನನ್ನ ಡಬ್ಬೀಲಿ ಇದ್ದಿದ್ದು ಕೊಟ್ಟೆ, ತಿಂದ್ರು. ತೋಳು ಒದ್ದೆಯಾಗಿತ್ತು, ನನ್ನ ಸ್ವೆಟರ್ ಹಾಕಿದೀನಿ." ನೆಲ ನೋಡುತ್ತ ಹೇಳಿದ, "ಅವರ ಕಡೆಯೋರು ಯಾರಾದ್ರೂ ಬಂದೇ ಬರ್ತಾರೆ ಅಲ್ವಾ ಸಾರ್?"

"ಹೂಂ."

ಮೀಸೆ ಹೋದ. ಬೈದಿದ್ದರೆ ಚೆನ್ನಾಗಿತ್ತು. ಇವನು ಆಮೇಲೂ ಏಳಲಿಲ್ಲ. ಈಗ ನಿರ್ದೇಶಕರೂ ಇರಲಿಲ್ಲ, ಅತಿಥಿಗಳೂ ಇರಲಿಲ್ಲ, ಕೆಲಸವೂ ಇರಲಿಲ್ಲ. ಮತ್ತೇಕೆ ಕೂತಿದ್ದೇನೆ ಎಂದು ತನ್ನನ್ನೇ ಕೇಳಿಕೊಂಡ. ಕಿಟಕಿಯ ಮೇಲಿನ ಬೆಳಕು ಹಳದಿಯಾಗಿ, ಕಂದಾಗಿ, ಮಾಸುತ್ತಿರುವುದನ್ನು ತಾನು ಆಗಿನಿಂದ ನೋಡುತ್ತಿದ್ದೇನೆಂದು ಗೊತ್ತಾದಾಗ ಉತ್ತರವೂ ಗೊತ್ತಾಯಿತು. ಅವನು ಸಂಜೆಯಾಗಲಿ ಎಂದು ಕಾಯುತ್ತಿದ್ದ. ಸಂಜೆಯಾದರೆ ಅಣ್ಣನಿಗೆ ಗುರುತು ಸಿಗುವುದಿಲ್ಲ. ಗುರುತು ಸಿಗದ ಅಣ್ಣನ ಮುಖವನ್ನು ನೋಡುವುದು ಸುಲಭ. ತನ್ನೊಳಗೆ ಇಂಥದ್ದೊಂದು ಲೆಕ್ಕ ನಡೆದಿತ್ತೆಂದು ತಿಳಿದು ಅವನಿಗೆ ಅಸಹ್ಯವಾಯಿತು. ಅಸಹ್ಯವಾದ ಮೇಲೂ, ದೀಪ ಹತ್ತುವವರೆಗೆ ಕೂತೇ ಇದ್ದ.

ಗೇಟಿನ ಪಕ್ಕದ ಕಲ್ಲುಬೆಂಚಿನ ತುದಿಯಲ್ಲಿ ಅಣ್ಣ, ಜಾಗ ಸವೆಯಬಾರದೆಂಬಂತೆ ಕೂತಿದ್ದ. ಮೀಸೆಯ ದೊಗಳೆ ಸ್ವೆಟರಿನಲ್ಲಿ ಇನ್ನೂ ಚಿಕ್ಕವನಾಗಿ ಕಾಣುತ್ತಿದ್ದ. ಮೀಸೆ ಇವನು ಬರುವುದನ್ನು ಕಂಡು, ಏನೋ ನೆನಪಾದವನಂತೆ ಗೇಟಿನ ಆ ಬದಿಗೆ ಹೋಗಿ ಬೆನ್ನು ತಿರುಗಿಸಿ ನಿಂತ. ಇವನನ್ನು ನೋಡಿ ಅಣ್ಣ ಗಡಬಡಿಸಿ ಎದ್ದ.

"ಕೂತ್ಕೊ," ಎಂದ ಇವನು.

"ಪರವಾಗಿಲ್ಲ ಸ್ವಾಮಿ. ನೀವು ಒಳಗಡೆಯೋರಾ?"

"ಹೂಂ."

ಅಣ್ಣ ಹಿಂದೆ ಮುಂದೆ ನೋಡಿ, ಇವನ ತೋಳಿನ ಹತ್ತಿರ ಬಾಗಿದ. ಗುಟ್ಟು ಹೇಳುವವನ ದನಿ. "ನನ್ನ ತಮ್ಮ ಇಲ್ಲೇ ಒಳಗೆ ಇದಾನೆ. ದೊಡ್ಡ ಕೆಲಸದಲ್ಲಿದಾನೆ. ನಾನು ಒಳಗೆ ಬಂದಿದ್ದೆ ಅಂತ ಯಾರಿಗೂ ಹೇಳ್ಬೇಡಿ ಸ್ವಾಮಿ. ನಾನು ಅವನ ಕಡೆಯೋನು ಅಂತ ಗೊತ್ತಾಗ್ಬಾರ್ದು."

"ಯಾಕೆ?"

ಅಣ್ಣ ಹುಬ್ಬು ಗಂಟಿಕ್ಕಿ ಯೋಚಿಸಿದ. ಯಾಕೆ ಎನ್ನುವುದು ಹೊತ್ತಿನ ಜೊತೆ ಹೊರಟುಹೋಗಿತ್ತು. ಮೀನು, ಕೈ, ನಿರ್ದೇಶಕರು ಒಂದೂ ಉಳಿದಿರಲಿಲ್ಲ. ಹೇಳಬಾರದು ಎಂಬುದೊಂದು ಮಾತ್ರ, ಪೆಟ್ಟಿಗೆಯ ತಳದಲ್ಲಿ ಉಳಿದ ಗಡ್ಡೆಯ ಚೂರಿನಂತೆ ಉಳಿದಿತ್ತು. "ಗೊತ್ತಿಲ್ಲ ಸ್ವಾಮಿ. ಅವನಿಗೆ ತೊಂದ್ರೆ ಆಗುತ್ತೆ. ಚಿಕ್ಕೋನು, ಪಾಪ. ನೀವು ಹೇಳಲ್ಲ ತಾನೆ?"

ನಾನೇ ಅವನು ಎಂದು ಹೇಳಲು ಬಾಯಿ ತೆರೆದ. "ಹೇಳಲ್ಲ," ಎಂದ.

ಅಣ್ಣನಿಗೆ ನೆಮ್ಮದಿಯಾಯಿತು. ಕೃತಜ್ಞತೆಗೆ ಇವನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡವನು, ಹಿಡಿದ ಮೇಲೆ ಬಿಡಲಿಲ್ಲ. "ಎಷ್ಟು ತಣ್ಣಗಿದೆ ಸ್ವಾಮಿ ನಿಮ್ಮ ಕೈ. ಐಸಿನ ಕೆಲಸವಾ?" ಎಂದು ತನ್ನ ಎರಡು ಅಂಗೈಗಳ ನಡುವೆ ಅದನ್ನಿಟ್ಟು ತಿಕ್ಕತೊಡಗಿದ. ಆ ಅಂಗೈಗಳು ಒರಟಾಗಿದ್ದವು, ಹೋದ ವಾರದ ಸುಟ್ಟ ಗಾಯದ ಹೊಪ್ಪಳೆ ಚುಚ್ಚುತ್ತಿತ್ತು. ಹಗಲೆಲ್ಲ ಶೀತಕೋಣೆಯಲ್ಲಿದ್ದ ಕೈ ಮೊದಲು ಮರಗಟ್ಟಿಕೊಂಡೇ ಇತ್ತು. ಆಮೇಲೆ ಬೆರಳ ತುದಿಗಳಲ್ಲಿ ಸಣ್ಣಗೆ ಚುರುಗುಟ್ಟಿತು. ಆಮೇಲೆ ಉರಿಯತೊಡಗಿತು.

"ಉರೀತಿದೆಯಾ?" ಎಂದು ಅಣ್ಣ ಕೇಳಿದ.

ಅಷ್ಟರಲ್ಲಿ ಕೋಟಿನ ಬಲಜೇಬಿನಲ್ಲಿ ಫೋನು ಅದುರಿತು. ಹೆಂಡತಿ. ಅದನ್ನು ಎಡಗೈಯಿಂದ ತೆಗೆಯಲು ಆಗುತ್ತಿರಲಿಲ್ಲವೆಂದೇನಲ್ಲ. ಅವನು ಬಲಗೈಯನ್ನೇ ಅಣ್ಣನ ಕೈಗಳ ನಡುವಿನಿಂದ ಎಳೆದುಕೊಂಡ.

"ಕೋಣೆ ಚೆನ್ನಾಗಿದೆ ರೀ," ಎಂದಳು ಅವಳು. ದನಿ ದಣಿದಿತ್ತು, ಅತ್ತಿದ್ದಳೇನೋ. "ಕಿಟಕಿ ಇದೆ. ನೋಡ್ಕೊಳ್ಳೋರೂ ಒಳ್ಳೆಯೋರ ಹಾಗೆ ಕಾಣ್ತಾರೆ. ನಾಳೇನೇ ವ್ಯಾನ್ ಕಳಿಸ್ತಾರಂತೆ. ಏನು ಹೇಳಲಿ?"

"ಹೂಂ."

"ಹೂಂ ಅಂದ್ರೆ ಏನು? ಇವತ್ತೊಂದಿನ ಬಿಡಿಸಿ ಹೇಳಿ."

ಅಣ್ಣ ಖಾಲಿಯಾದ ಎರಡು ಅಂಗೈಗಳನ್ನು ಹಾಗೇ ಬೊಗಸೆ ಮಾಡಿ ಹಿಡಿದುಕೊಂಡು ನಿಂತಿದ್ದ. ಅದರೊಳಗೆ ಏನಿತ್ತೆಂದು ಮರೆತವನಂತೆ ಒಮ್ಮೆ ಬಗ್ಗಿ ನೋಡಿದ.

"ಹೌದು ಅಂತ ಹೇಳು," ಎಂದ ಇವನು. "ಬರ್ಲಿ."

ಫೋನನ್ನು ಜೇಬಿಗಿಟ್ಟ ಮೇಲೂ ಕೈ ಉರಿಯುತ್ತಲೇ ಇತ್ತು. ರಸ್ತೆಯಲ್ಲಿ ಅವರು ಹತ್ತಬೇಕಾಗಿದ್ದ ಬಸ್ಸು ಬಂದು ನಿಂತು, ಯಾರೂ ಹತ್ತದ್ದರಿಂದ ಹೊರಟುಹೋಯಿತು.

"ಮನೆಯಿಂದಾ ಸ್ವಾಮಿ?" ಎಂದ ಅಣ್ಣ. "ಹೊರಡಿ ನೀವು. ಮನೇಲಿ ಕಾಯೋರನ್ನ ಕಾಯಿಸ್ಬಾರ್ದು." ಹಾಗೆಂದು ಮತ್ತೆ ಬೆಂಚಿನ ತುದಿಗೆ ಹೋಗಿ, ಕೈಗಳನ್ನು ಮಂಡಿಯ ಮೇಲೆ ಜೋಡಿಸಿಟ್ಟು, ಕಟ್ಟಡದ ಬಾಗಿಲಿನ ಕಡೆ ಮುಖ ಮಾಡಿ ಕೂತ. "ನಾನು ಇಲ್ಲೇ ಕೂತಿರ್ತೀನಿ. ಎಲ್ಲಿಗೂ ಹೋಗ್ಬೇಡ, ಬರ್ತೀನಿ ಅಂದಿದಾನೆ ನನ್ನ ತಮ್ಮ."